ಕೂದಲೆಳೆಯ ಸೋಲು

ಇಂಗ್ಲಿಷಿನಲ್ಲಿ ‘ಮೆಡ್ಲಿ’ ಎಂಬ ಒಂದು ಮಾತುಂಟು. ಹಲವು ಬಗೆಯವನ್ನು ಒಂದರೊಡನೊಂದು ಕೂಡಿಸಿದ್ದು ಎಂದು ಅದರ ಅರ್ಥ. ಬಾನುಲಿಯಲ್ಲಿ ಸಂಗೀತ ಕೇಳುವ ಮನೆಗಳಲ್ಲಿ ಇದಕ್ಕೆ ನಿಘಂಟು ಬೇಡ. ಒಂದೇ ಹಾಡಿನ ಚರಣಗಳನ್ನು ಒಂದೊಂದು ರಾಗದಲ್ಲಿ ಹಾಡುವ ರಾಗಮಾಲಿಕೆಯನ್ನು ನೀವು ಎಷ್ಟೋ ಸಾರಿ ಕೇಳಿದ್ದೀರಿ. ಒಂದು ರಾಗವನ್ನು ಸೊಗಸಾಗಿ ಹಾಡಬಲ್ಲವರು ಹಲವರು. ನಾಲ್ಕು ರಾಗಗಳಲ್ಲಿಯೂ ಸಮನಾಗಿ ನಿಂತು, ಒಂದರಿಂದ ಇನ್ನೊಂದಕ್ಕೆ ಎಡವದೆ ದಾಟುವವರು ಕೆಲವರೇ. ಈಜಿನಲ್ಲಿಯೂ ಅಂಥ ಒಂದು ಪಂದ್ಯವಿದೆ. ಅದನ್ನು ಇಲ್ಲಿ ಸಂಯುಕ್ತ ಈಜು ಎಂದು ಕರೆಯೋಣ. ಆ ಪಂದ್ಯದಲ್ಲಿ ಮೂರು ಸಾರಿ ಒಲಿಂಪಿಕ್ ಪದಕ ಪಡೆದು, ಮೂರು ಸಾರಿಯೂ ಎರಡನೆಯವನಾಗಿಯೇ ಉಳಿದ ಟಿಮ್ ಮೆಕೀ ಎಂಬ ಅಮೆರಿಕದ ಈಜುಗಾರನ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಆ ಮೂರು ಸೋಲುಗಳಲ್ಲಿ ಎರಡು ನಿಜವಾದ ಸೋಲುಗಳು. ಉಳಿದೊಂದನ್ನು ಸೋಲೆನ್ನಬಹುದೆ ಎಂಬುದೇ ಪ್ರಶ್ನೆ.

ಮೊದಲು ಪಂದ್ಯದ ಸ್ವರೂಪವನ್ನು ತಿಳಿಯೋಣ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ಅಲ್ಲಿ ಈಜೆಂದರೆ ಮುಳುಗದಿರುವುದು. ಒಲಿಂಪಿಕ್ ಕೊಳದಲ್ಲಿ ಈಜಿಗೆ ನಾಲ್ಕು ಶೈಲಿಗಳು. ಮೊದಲನೆಯದು ಚಿಟ್ಟೆ ಈಜು: ಎರಡು ತೋಳುಗಳನ್ನೂ ಒಟ್ಟಿಗೆ ನೀರಿನ ಮೇಲಕ್ಕೆ ಎತ್ತಿ ಮುಂದಕ್ಕೆ ಬೀಸಬೇಕು, ಎರಡು ಕಾಲುಗಳನ್ನೂ ಮೀನಿನ ಬಾಲದಂತೆ ಒಟ್ಟಿಗೆ ಬಡಿಯಬೇಕು. ನೋಡಲು ಚೆಂದ, ಆದರೆ ಉಸಿರನ್ನು ಹೀರಿಬಿಡುವಂಥದು. ಎರಡನೆಯದು ಅಂಗಾತ ಈಜು. ಮೂರನೆಯದು ಕಪ್ಪೆ ಈಜು. ಇದು ನಾಲ್ಕರಲ್ಲಿಯೂ ನಿಧಾನವಾದದ್ದು, ಇದರ ಕಾಲಿನ ಒದೆತ ಉಳಿದ ಮೂರಕ್ಕಿಂತ ತೀರ ಬೇರೆ. ನಾಲ್ಕನೆಯದು ಸ್ವಚ್ಛಂದ ಈಜು. ಹೆಸರು ಸ್ವಚ್ಛಂದವಾದರೂ ಎಲ್ಲರೂ ಈಜುವುದು ಒಂದೇ ಬಗೆಯಲ್ಲಿ, ತೋಳುಗಳನ್ನು ಒಂದಾದಮೇಲೊಂದು ಬೀಸುತ್ತ. ಸಂಯುಕ್ತ ಈಜಿನ ದೊಡ್ಡ ಪಂದ್ಯ ೪೦೦ ಮೀಟರಿನದು. ಕೊಳದ ಉದ್ದ ೫೦ ಮೀಟರ್. ಆದುದರಿಂದ ಒಂದೊಂದು ಶೈಲಿಯಲ್ಲಿ ಎರಡೆರಡು ಉದ್ದ, ಒಟ್ಟು ಎಂಟು. ಈ ಎಂಟು ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಪಂದ್ಯ ಒಲಿಂಪಿಕ್ ಕೂಟಕ್ಕೆ ಬಂದದ್ದು ೧೯೬೪ರಲ್ಲಿ, ಟೋಕಿಯೋದಲ್ಲಿ. ಮೊದಲ ಚಿನ್ನ ಗೆದ್ದ ಅಮೆರಿಕದ ಡಿಕ್ ರಾತ್‌ಗೆ ಪಂದ್ಯಕ್ಕೆ ಸ್ವಲ್ಪ ಮುಂಚೆ ಕರುಳುಬಾಲದ ನೋವು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಬೇಡವೆಂದು ಹಟ ಹಿಡಿದು ನೀರಿಗಿಳಿದು, ವಿಶ್ವದಾಖಲೆಯನ್ನೇ ಸ್ಥಾಪಿಸಿ ಮೇಲೆ ಬಂದ. ಎಂಥ ಗಟ್ಟಿಗರ ಪಂದ್ಯ ಇದೆಂಬುದಕ್ಕೆ ಇಷ್ಟು ಸಾಕು. ೧೯೬೮ರಲ್ಲಿ ೨೦೦ ಮೀಟರಿನ ಸಂಯುಕ್ತ ಈಜೂ ಸೇರಿತು.

ಮೆಕೀ ಹುಟ್ಟಿದ್ದು ೧೯೫೩ರಲ್ಲಿ, ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ. ಮುಂದೆ ಫ್ಲಾರಿಡಾ ವಿಶ್ವವಿದ್ಯಾನಿಲಯದ ಈಜುತಂಡಕ್ಕೆ ಸೇರಿದ. ೧೯೭೨ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಲಿಂಪಿಕ್ ಕೂಟ ನಡೆದಾಗ ಆತನಿಗೆ ಹತ್ತೊಂಬತ್ತು ವರ್ಷ. ಆ ಕೂಟದ ಈಜುಕೊಳದಲ್ಲಿ ಎಲ್ಲರ ಕಣ್ಣೂ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜನ ಮೇಲಿತ್ತು. ೪೦೦ ಮೀಟರ್ ಸಂಯುಕ್ತ ಈಜಿನಲ್ಲಿ ಕೂಡ ಜನ ಮೆಕೀಯನ್ನು ನೋಡಲು ಬಂದವರಲ್ಲ. ಆ ಪಂದ್ಯದ ವಿಶ್ವದಾಖಲೆ ಅದೇ ತಂಡದ ಗ್ಯಾರಿ ಹಾಲ್‌ನ ಹೆಸರಿನಲ್ಲಿತ್ತು. ಇನ್ನೊಂದು ಕಡೆ ಸ್ವೀಡನ್ನಿನ ಮಾಲ್ಮೋ ಊರಿನ ಗುನ್ನಾರ್ ಲಾರ್ಸನ್. ೧೯೭೦ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಯೂರೋಪಿನ ಚಾಂಪಿಯನ್ ಪಂದ್ಯಗಳಲ್ಲಿ ೪೦೦ ಮೀಟರ್ ಸ್ವಚ್ಛಂದ ಈಜು, ಎರಡು ಸಂಯುಕ್ತ ಈಜುಗಳು, ಹೀಗೆ ಮೂರರಲ್ಲಿ ಗೆದ್ದು ಹೆಸರಾಗಿದ್ದವನು.

ಆಗಸ್ಟ್ ೩೦ರಂದು ಅಂತಿಮ ಪಂದ್ಯ. ಹಾಲ್ ಚಿಟ್ಟೆ ಈಜಿನಲ್ಲಿಯೇ ಮುನ್ನುಗ್ಗಿದ. ಅಂಗಾತ ಈಜು ಮುಗಿಯುವವರೆಗೂ ಆತನೇ ಮುಂದು. ಆದರೆ ಮೊದಲೆರಡು ರಾಗಗಳಲ್ಲಿ ಗಂಟಲನ್ನೆಲ್ಲ ಕರಗಿಸಿಕೊಂಡ ಹಾಡುಗಾರನ ಪಾಡು ಆತನಿಗೂ ಆಯಿತು. ಕಪ್ಪೆ ಈಜಿನಲ್ಲಿ ಬಲ ಕುಂದಿತು. ಕೊನೆಗೆ ಐದನೆಯ ಸ್ಥಾನಕ್ಕೆ ಇಳಿದ. ಮೆಕೀ ಮುಂದಾದ. ಸ್ವಚ್ಛಂದ ಈಜು ಲಾರ್ಸನ್ನನ ಕೈಗುಣ. ಕೊನೆಯ ೧೦೦ ಮೀಟರಿನಲ್ಲಿ ಆತ ಅಂತರವನ್ನು ಒಂದೊಂದು ಬೀಸಿಗೂ ಕಿತ್ತುಹಾಕುತ್ತ ಬಂದ. ಇಬ್ಬರ ಕೈಗಳೂ ಗೋಡೆಯನ್ನು ತಾಕಿದವು. ತಲೆಯೆತ್ತಿ ಫಲಕ ನೋಡಿದರೆ ಇಬ್ಬರಿಗೂ ಒಂದೇ ಕಾಲ: ೪ ನಿಮಿಷ ೩೧.೯೮ ಸೆಕೆಂಡು. ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟೂ ವ್ಯತ್ಯಾಸವಿಲ್ಲ.

ಇಬ್ಬರಿಗೂ ಚಿನ್ನ ಕೊಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಾಲವನ್ನು ಅಳೆಯುತ್ತಿದ್ದ ಯಂತ್ರಕ್ಕೆ ಫಲಕದಲ್ಲಿ ತೋರಿಸಿದ್ದಕ್ಕಿಂತ ಹೆಚ್ಚು ಗೊತ್ತಿತ್ತು. ಅದು ಸಾವಿರದ ಪಾಲಿನವರೆಗೂ ಎಣಿಸುತ್ತಿತ್ತು. ಅಧಿಕಾರಿಗಳು ಸುಮಾರು ಎಂಟು ನಿಮಿಷಗಳ ಕಾಲ ಸಮಾಲೋಚಿಸಿದರು. ಪಂದ್ಯ ನಡೆದದ್ದು ನಾಲ್ಕೂವರೆ ನಿಮಿಷ, ತೀರ್ಪಿಗೆ ಅದರ ಹೆಚ್ಚು ಕಡಿಮೆ ಎರಡರಷ್ಟು! ಕೊನೆಗೆ ಹೊರಬಂದ ಅಂಕಿಗಳಿವು: ಲಾರ್ಸನ್ ೪ ನಿಮಿಷ ೩೧.೯೮೧, ಮೆಕೀ ೪ ನಿಮಿಷ ೩೧.೯೮೩. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಚಿನ್ನ ಸ್ವೀಡನ್ನಿಗೆ, ಬೆಳ್ಳಿ ಮೆಕೀಗೆ. ಮೂರನೆಯವನಾಗಿ ಬಂದ ಹಂಗೇರಿಯ ಆಂಡ್ರಾಶ್ ಹಾರ್ಗಿಟಾಯ್ ಮುಕ್ಕಾಲು ಸೆಕೆಂಡು ಹಿಂದಿದ್ದ.

ಈ ಎರಡು ಪಾಲು ಎಷ್ಟು ಎಂಬುದನ್ನು ಮನಸ್ಸಿಗೆ ತಂದುಕೊಳ್ಳುವುದು ಸುಲಭವಲ್ಲ. ನಿಮಿಷ ಎಂದು ನಾವು ಇಂದು ಅರವತ್ತು ಸೆಕೆಂಡಿಗೆ ಹೇಳುವ ಮಾತು ಸಂಸ್ಕೃತದ ನಿಮೇಷದಿಂದ ಬಂದದ್ದು. ಅದರ ಮೂಲಾರ್ಥ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಹಳಬರಿಗೆ ಅದೇ ಅತಿ ಸಣ್ಣ ಕಾಲವೆಂದು ತೋರಿರಬೇಕು, ಅದಕ್ಕಿಂತ ಸಣ್ಣದಕ್ಕೆ ತ್ರುಟಿ ಮೊದಲಾದ ಹೆಸರುಗಳನ್ನು ಶಾಸ್ತ್ರಕಾರರು ಇಟ್ಟರಾದರೂ ಅವು ಗಣಿತದಲ್ಲಿಯೇ ಉಳಿದವು. ಒಂದು ರೆಪ್ಪೆ ಬಡಿಯಲು ಕಡಿಮೆಯೆಂದರೂ ಸೆಕೆಂಡಿನ ಹತ್ತರಲ್ಲೊಂದು ಪಾಲು ಬೇಕು. ಅಂದರೆ ಮೆಕೀ ಸೋತ ಕಾಲವನ್ನು ಐವತ್ತು ಸಾರಿ ಕೂಡಿಸಿದರೆ ಒಂದು ಕಣ್ಣೆವೆ ಮುಚ್ಚಿ ತೆರೆದೀತು.

ಕಾಲವನ್ನು ಬಿಟ್ಟು ದೂರದ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ೪೦೦ ಮೀಟರನ್ನು ೨೭೨ ಸೆಕೆಂಡುಗಳಲ್ಲಿ ಈಜಿದರೆ ಸೆಕೆಂಡಿಗೆ ಸರಾಸರಿ ೧೪೭ ಸೆಂಟಿಮೀಟರ್. ಆ ವೇಗದಲ್ಲಿ ಸೆಕೆಂಡಿನ ಸಾವಿರದ ಎರಡು ಪಾಲಿಗೆ ಮೂರು ಮಿಲಿಮೀಟರ್. ಅರ್ಧ ಅಕ್ಕಿಕಾಳಿನ ಉದ್ದ. ಒಂದು ತಿಂಗಳು ಕತ್ತರಿಸದೆ ಬಿಟ್ಟರೆ ಕೈಯ ಉಗುರು ಬೆಳೆಯುವುದು ಸುಮಾರು ಅಷ್ಟೇ.

ಈಗ ಎಂಟು ಎಂಬ ಸಂಖ್ಯೆಗೆ ಬರೋಣ. ಇಬ್ಬರೂ ಈಜಿದ್ದು ಒಂದೇ ಕೊಳದಲ್ಲಿ, ಆದರೆ ಬೇರೆ ಬೇರೆ ಓಣಿಗಳಲ್ಲಿ. ಆ ಓಣಿಗಳು ಒಂದೇ ಉದ್ದವಾಗಿದ್ದವೆ? ಕೊಳವನ್ನು ಕಟ್ಟುವವರು ಮೇಸ್ತ್ರಿಗಳು; ಅದಕ್ಕೆ ಗಾರೆ, ಹೆಂಚು, ಬಣ್ಣ ಎಲ್ಲ ಬೇಕು. ಯಾವ ಗೋಡೆಯೂ ಕೂದಲಿನಷ್ಟು ಸಹ ಉಬ್ಬುತಗ್ಗಿಲ್ಲದೆ ಏಳುವುದಿಲ್ಲ. ಆದುದರಿಂದಲೇ ಅಂತರರಾಷ್ಟ್ರೀಯ ನಿಯಮಗಳು ಒಂದಿಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತವೆ. ಬಿಗಿಯಾದ ಈಗಿನ ನಿಯಮದಲ್ಲಿ ಕೂಡ ೫೦ ಮೀಟರಿನ ಓಣಿ ಒಂದು ಸೆಂಟಿಮೀಟರಿನವರೆಗೆ ಹೆಚ್ಚಾಗಿರಬಹುದು, ಕಡಿಮೆ ಮಾತ್ರ ಆಗಕೂಡದು. ಒಬ್ಬನ ಓಣಿ ಸರಿಯಾಗಿ ೫೦ ಮೀಟರಿದ್ದು, ಇನ್ನೊಬ್ಬನದು ನಿಯಮ ಒಪ್ಪುವ ಒಂದು ಸೆಂಟಿಮೀಟರಿನಷ್ಟು ಹೆಚ್ಚಾಗಿದ್ದರೆ, ಎಂಟು ಉದ್ದ ಈಜುವ ಹೊತ್ತಿಗೆ ಆತ ಎಂಟು ಸೆಂಟಿಮೀಟರ್ ಹೆಚ್ಚು ಈಜಿರುತ್ತಾನೆ. ಕಾಲದಲ್ಲಿ ಅದು ಸೆಕೆಂಡಿನ ಸಾವಿರದ ಐವತ್ತನಾಲ್ಕು ಪಾಲು. ಮೆಕೀ ಸೋತದ್ದು ಎರಡು ಪಾಲಿನಿಂದ!

ಅಷ್ಟು ದೊಡ್ಡ ಅಂತರವೂ ಬೇಡ. ಮೂರು ಮಿಲಿಮೀಟರನ್ನು ಎಂಟರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ನೀವೀಗ ಕೈಯಲ್ಲಿ ಹಿಡಿದಿರುವ ಸಂಚಿಕೆಯ ನಾಲ್ಕು ಹಾಳೆಗಳನ್ನು ಒತ್ತಿ ಹಿಡಿಯಿರಿ, ಅಷ್ಟೇ ದಪ್ಪ. ಒಂದು ಓಣಿಯ ಗೋಡೆಗೆ ಇನ್ನೊಂದಕ್ಕಿಂತ ನಾಲ್ಕು ಹಾಳೆಯಷ್ಟು ಬಣ್ಣ ಕಡಿಮೆ ಬಿದ್ದಿದ್ದರೂ ಸಾಕು, ಒಲಿಂಪಿಕ್ ಚಿನ್ನ ಕೈ ಬದಲಾಯಿಸುತ್ತದೆ. ಮ್ಯೂನಿಕ್ಕಿನ ಆ ಎರಡು ಓಣಿಗಳಲ್ಲಿ ಯಾವುದು ಉದ್ದ, ಯಾವುದು ಗಿಡ್ಡ ಎಂದು ಯಾರೂ ಅಳೆದು ಹೇಳಿಲ್ಲ. ಮೆಕೀಯೇ ನಿಜವಾಗಿ ಮೊದಲು ಮುಗಿಸಿದನೆಂದು ನಾನು ವಾದಿಸುತ್ತಿಲ್ಲ. ಲಾರ್ಸನ್ ಇನ್ನೂ ಹೆಚ್ಚಿನ ಅಂತರದಿಂದ ಗೆದ್ದಿದ್ದನೋ ಏನೋ. ಯಂತ್ರ ಹೇಳಿದ ಆ ಎರಡು ಪಾಲು, ಈಜಿನಲ್ಲಿ ಇದ್ದದ್ದೋ ಗೋಡೆಯಲ್ಲಿ ಇದ್ದದ್ದೋ ತಿಳಿಯುವ ದಾರಿಯೇ ಇರಲಿಲ್ಲ ಎಂಬುದಷ್ಟೇ ಮಾತು.

ಮಕ್ಕಳ ಉತ್ತರ ಪತ್ರಿಕೆ ತಿದ್ದುವ ನಮ್ಮಂಥವರಿಗೆ ಇದು ಹೊಸತಲ್ಲ. ಒಂದೇ ಪ್ರಬಂಧವನ್ನು ಇಬ್ಬರು ಪರೀಕ್ಷಕರಿಗೆ ಕೊಟ್ಟರೆ ಎರಡು ಮೂರು ಅಂಕಗಳ ವ್ಯತ್ಯಾಸ ಬಂದೇ ಬರುತ್ತದೆ. ಹಾಗಿರುವಾಗ ಕಾಲು ಅಂಕದಿಂದ ಒಬ್ಬ ಹುಡುಗನನ್ನು ಮೊದಲನೆಯವನೆಂದೂ ಇನ್ನೊಬ್ಬನನ್ನು ಎರಡನೆಯವನೆಂದೂ ಸಾರಿದರೆ, ಲೆಕ್ಕ ಸರಿಯಾಗಿದ್ದೂ ತೀರ್ಪು ಪೊಳ್ಳು. ಅಳತೆಗೋಲಿನ ಗೆರೆಗಳು ಸಣ್ಣವಾದ ಮಾತ್ರಕ್ಕೆ ಅಳೆಯುವ ವಸ್ತು ನಯವಾಗುವುದಿಲ್ಲ.

ಹಾಗೆಂದು ಯಂತ್ರವನ್ನು ತಂದವರನ್ನು ಹಳಿಯುವಂತಿಲ್ಲ. ಅವರಿಗೂ ಒಂದು ಹಳೆಯ ಅನ್ಯಾಯದ ನೆನಪಿತ್ತು. ೧೯೬೦ರ ರೋಮ್ ಒಲಿಂಪಿಕ್ಕಿನಲ್ಲಿ ೧೦೦ ಮೀಟರ್ ಸ್ವಚ್ಛಂದ ಈಜಿನ ತೀರ್ಪನ್ನು ಕೊಳದ ಅಂಚಿನಲ್ಲಿ ಕುಳಿತ ತೀರ್ಪುಗಾರರು ಕಣ್ಣಿನಿಂದ ನೋಡಿಯೇ ಕೊಡಬೇಕಾಗಿತ್ತು. ಆಸ್ಟ್ರೇಲಿಯಾದ ಜಾನ್ ಡೆವಿಟ್, ಅಮೆರಿಕದ ಲ್ಯಾನ್ಸ್ ಲಾರ್ಸನ್ (ಈತನಿಗೂ ಸ್ವೀಡನ್ನಿನ ಲಾರ್ಸನ್ನನಿಗೂ ಸಂಬಂಧವಿಲ್ಲ) ಇಬ್ಬರೂ ಒಟ್ಟಿಗೆ ಬಂದಂತೆ ತೋರಿತು. ಮೊದಲ ಸ್ಥಾನವನ್ನು ನೋಡುವ ಮೂವರಲ್ಲಿ ಇಬ್ಬರು ಡೆವಿಟ್ ಮೊದಲು ಬಂದನೆಂದರು. ಎರಡನೆಯ ಸ್ಥಾನವನ್ನು ನೋಡುವ ಮೂವರಲ್ಲಿಯೂ ಇಬ್ಬರು ಡೆವಿಟ್ಟನೇ ಎರಡನೆಯವನೆಂದರು! ಹೀಗೆ ಮೂರಕ್ಕೆ ಮೂರು. ಕೈಗಡಿಯಾರ ಹಿಡಿದವರು ಬರೆದುಕೊಂಡದ್ದು ಬೇರೆಯೇ: ಡೆವಿಟ್ಟನಿಗೆ ಮೂರು ಗಡಿಯಾರಗಳಲ್ಲಿಯೂ ೫೫.೨, ಲಾರ್ಸನ್ನನಿಗೆ ೫೫.೦, ೫೫.೧, ೫೫.೧. ಗಡಿಯಾರಗಳ ಪ್ರಕಾರ ಅಮೆರಿಕದವನೇ ಮುಂದು. ಆದರೂ ಮುಖ್ಯ ತೀರ್ಪುಗಾರ ಡೆವಿಟ್ಟನ ಪರವಾಗಿ ನಿಂತ. ಚಿನ್ನ ಆಸ್ಟ್ರೇಲಿಯಾಕ್ಕೆ ಹೋಯಿತು. ಈ ಗಲಭೆಯ ಫಲವಾಗಿಯೇ ವಿದ್ಯುತ್ ಯಂತ್ರಗಳ ಕಡೆ ಎಲ್ಲರ ಗಮನ ಹರಿಯಿತು. ಗೋಡೆಗೆ ತೆಳುವಾದ ಹಲಗೆಯೊಂದನ್ನು ತೂಗುಬಿಟ್ಟು, ಈಜುಗಾರ ಅದನ್ನು ಒತ್ತಿದೊಡನೆ ಗಡಿಯಾರ ನಿಲ್ಲುವಂತೆ ಮಾಡಿದರು. ೧೯೬೮ರ ಮೆಕ್ಸಿಕೋ ಒಲಿಂಪಿಕ್ಕಿನಲ್ಲಿ ಅಂಥ ಹಲಗೆಗಳು ಬಂದವು. ಅದು ಒಳ್ಳೆಯದೇ ಆಯಿತು. ರೋಮಿನಲ್ಲಿ ಮನುಷ್ಯನ ಕಣ್ಣು ಕಾಣಬೇಕಾದುದನ್ನು ಕಾಣದೆ ಹೋಯಿತು. ಮ್ಯೂನಿಕ್ಕಿನಲ್ಲಿ ಯಂತ್ರದ ಕಣ್ಣು ಕಾಣಬೇಕಾಗಿಲ್ಲದುದನ್ನೂ ಕಂಡಿತು.

ಮ್ಯೂನಿಕ್ಕಿನ ತೀರ್ಪಿನ ಬಳಿಕ ಈಜಿನ ಅಂತರರಾಷ್ಟ್ರೀಯ ಸಂಸ್ಥೆ ತನ್ನ ನಿಯಮವನ್ನು ತಿದ್ದಿತು. ಕಾಲವನ್ನು ನೂರರ ಪಾಲಿನವರೆಗೆ ಮಾತ್ರ ನೋಡತಕ್ಕದ್ದು, ಅಲ್ಲಿಗೆ ಸಮನಾಗಿದ್ದರೆ ಇಬ್ಬರೂ ಸಮಾನರು, ಪದಕವೂ ಇಬ್ಬರಿಗೆ. ಆದರೆ ಈ ತಿದ್ದುಪಡಿ ಹಿಂದಿನ ಪಂದ್ಯಕ್ಕೆ ಅನ್ವಯಿಸಲಿಲ್ಲ. ಮೆಕೀಯ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು. ಒಂದು ತೀರ್ಪು ಸರಿಯಿಲ್ಲವೆಂದು ಮನಗಂಡು ನಿಯಮವನ್ನೇ ಬದಲಾಯಿಸಿದ ಮೇಲೆ, ಆ ತೀರ್ಪಿನಿಂದ ನಷ್ಟಪಟ್ಟವನಿಗೂ ಒಂದು ಚಿನ್ನ ಮಾಡಿಸಿ ಕೊಡಬಹುದಾಗಿತ್ತು. ಲಾರ್ಸನ್ನನಿಂದ ಏನನ್ನೂ ಕಿತ್ತುಕೊಳ್ಳಬೇಕಾಗಿರಲಿಲ್ಲ. ಇದು ನನ್ನ ಅಭಿಪ್ರಾಯ. ಹಳೆಯ ಮೊಕದ್ದಮೆಗಳನ್ನೆಲ್ಲ ಕೆದಕಿದರೆ ಕೊನೆಯೆಲ್ಲಿ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವುದು ಕಷ್ಟ.

ಸಾವಿರದ ಪಾಲು ಎಲ್ಲ ಆಟಗಳಲ್ಲಿಯೂ ತಪ್ಪೆ ಎಂದು ನೀವು ಕೇಳಬಹುದು. ಅಲ್ಲ. ಹಿಮದ ಕಾಲುವೆಯಲ್ಲಿ ಜಾರುಬಂಡಿಯ ಮೇಲೆ ಮಲಗಿ ಇಳಿಯುವ ಲೂಜ್ ಎಂಬ ಪಂದ್ಯವುಂಟು. ೧೯೯೮ರಲ್ಲಿ ಜಪಾನಿನ ನಾಗಾನೋದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಕಿನಲ್ಲಿ ಜರ್ಮನಿಯ ಸಿಲ್ಕೆ ಕ್ರೌಸ್‌ಹಾರ್ ತನ್ನ ದೇಶದವಳೇ ಆದ ಬಾರ್ಬರಾ ನೀಡರ್ನ್‌ಹೂಬರಳನ್ನು ಸೋಲಿಸಿದ್ದು ಅದೇ ಸಾವಿರದ ಎರಡು ಪಾಲಿನಿಂದ. ಅದೂ ನಾಲ್ಕು ಓಟಗಳನ್ನು ಕೂಡಿಸಿದ ಮೇಲೆ. ಅಲ್ಲಿ ಓಣಿಯ ತಕರಾರಿಗೆ ಎಡೆಯಿಲ್ಲ, ಏಕೆಂದರೆ ಎಲ್ಲರೂ ಒಬ್ಬರಾದ ಮೇಲೊಬ್ಬರಂತೆ ಇಳಿಯುವುದು ಒಂದೇ ಕಾಲುವೆಯಲ್ಲಿ. ಅದರ ಉದ್ದದಲ್ಲಿ ಹೆಚ್ಚುಕಡಿಮೆ ಇದ್ದರೆ ಅದು ಎಲ್ಲರಿಗೂ ಒಂದೇ.

ಮೆಕೀಯ ಕಥೆಗೆ ಹಿಂದಿರುಗೋಣ. ಮ್ಯೂನಿಕ್ಕಿನಲ್ಲಿಯೇ ನಾಲ್ಕು ದಿನಗಳ ಮೇಲೆ, ಸೆಪ್ಟೆಂಬರ್ ೩ರಂದು ೨೦೦ ಮೀಟರ್ ಸಂಯುಕ್ತ ಈಜು. ಮತ್ತೆ ಅದೇ ಇಬ್ಬರು. ಲಾರ್ಸನ್ ೨ ನಿಮಿಷ ೭.೧೭ ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದ. ಮೆಕೀ ೨ ನಿಮಿಷ ೮.೩೭. ಇಲ್ಲಿ ಅಂತರ ಒಂದು ಸೆಕೆಂಡಿಗೂ ಮಿಗಿಲು. ಯಾರೂ ಯಂತ್ರದ ಒಳಗೆ ಇಣುಕಿ ನೋಡಬೇಕಾಗಿರಲಿಲ್ಲ. ಲಾರ್ಸನ್ ಎಂಥ ಈಜುಗಾರನೆಂಬುದಕ್ಕೂ ಇದು ಸಾಕ್ಷಿ; ಮೊದಲ ಚಿನ್ನವನ್ನು ಆತ ಅದೃಷ್ಟದಿಂದ ಮಾತ್ರ ಪಡೆದನೆಂದು ಹೇಳುವವರು ಈ ಪಂದ್ಯವನ್ನು ಮರೆಯಬಾರದು. ಮರುವರ್ಷ ಬೆಲ್‌ಗ್ರೇಡಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್ ಪಂದ್ಯಗಳಲ್ಲಿಯೂ ಆತ ೨೦೦ ಮೀಟರ್ ಸಂಯುಕ್ತ ಈಜನ್ನು ಗೆದ್ದ.

ಮೆಕೀ ಬಿಡಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಒಂದೇ ವಾರದಲ್ಲಿ ಎರಡು ಸಾರಿ ಎರಡನೆಯವನಾದವನು ನಾಲ್ಕು ವರ್ಷ ನೀರಿನಲ್ಲಿಯೇ ಇದ್ದು ೧೯೭೬ರಲ್ಲಿ ಕೆನಡಾದ ಮಾಂಟ್ರಿಯಲ್ಲಿಗೆ ಬಂದ. ಆ ಕೂಟದಲ್ಲಿ ೨೦೦ ಮೀಟರ್ ಸಂಯುಕ್ತ ಈಜನ್ನೇ ತೆಗೆದುಹಾಕಿದ್ದರು. ಉಳಿದದ್ದು ೪೦೦ ಮೀಟರ್ ಒಂದೇ. ಆ ಪಂದ್ಯದಲ್ಲಿ ಮೆಕೀ ಈಜಿದ್ದು ೪ ನಿಮಿಷ ೨೪.೬೨ ಸೆಕೆಂಡುಗಳಲ್ಲಿ. ಮ್ಯೂನಿಕ್ಕಿನಲ್ಲಿ ಚಿನ್ನಕ್ಕೆ ಸಾಕಾಗದೆ ಹೋದ ಕಾಲಕ್ಕಿಂತ ಇದು ಏಳು ಸೆಕೆಂಡುಗಳಿಗೂ ಹೆಚ್ಚು ಉತ್ತಮ. ಹಿಂದೆ ಎರಡು ಸಹಸ್ರಾಂಶ ದೊರೆಯದೆ ಹೋದವನು ಈಗ ಏಳು ಸಾವಿರಕ್ಕೂ ಹೆಚ್ಚು ಸಹಸ್ರಾಂಶಗಳನ್ನು ಗಳಿಸಿ ತಂದಿದ್ದ. ಆದರೆ ಪಕ್ಕದಲ್ಲಿ ಅವನ ತಂಡದವನೇ ಆದ ರಾಡ್ ಸ್ಟ್ರಾಹನ್ ೪ ನಿಮಿಷ ೨೩.೬೮ ಸೆಕೆಂಡುಗಳ ವಿಶ್ವದಾಖಲೆ ಈಜಿ ಮುಗಿಸಿದ್ದ. ಮೂರನೆಯ ಬೆಳ್ಳಿ. ಮೆಕೀಯ ಒಲಿಂಪಿಕ್ ಜೀವನ ಅಲ್ಲಿಗೆ ಮುಗಿಯಿತು. ೨೦೦ ಮೀಟರ್ ಪಂದ್ಯ ಒಲಿಂಪಿಕ್ಕಿಗೆ ಹಿಂದಿರುಗಿದ್ದು ೧೯೮೪ರಲ್ಲಿ.

ತಿದ್ದಿದ ನಿಯಮದ ಫಲ ಉಂಡವರು ಬೇರೆಯವರು. ೧೯೮೪ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೆಂಗಸರ ೧೦೦ ಮೀಟರ್ ಸ್ವಚ್ಛಂದ ಈಜಿನಲ್ಲಿ ಅಮೆರಿಕದ ಕ್ಯಾರೀ ಸ್ಟೈನ್‌ಸೈಫರ್, ನ್ಯಾನ್ಸಿ ಹಾಗ್ಸ್‌ಹೆಡ್ ಇಬ್ಬರೂ ೫೫.೯೨ ಸೆಕೆಂಡುಗಳಲ್ಲಿ ಮುಗಿಸಿದರು. ಯಾರೂ ಎಂಟು ನಿಮಿಷ ಕಾಯಬೇಕಾಗಲಿಲ್ಲ. ಒಲಿಂಪಿಕ್ ಈಜಿನಲ್ಲಿ ಮೊದಲ ಸಾರಿಗೆ ಇಬ್ಬರು ಒಂದೇ ಚಿನ್ನವನ್ನು ಹಂಚಿಕೊಂಡರು. ೨೦೧೬ರಲ್ಲಿ ರಿಯೋದಲ್ಲಿ ಗಂಡಸರ ೧೦೦ ಮೀಟರ್ ಚಿಟ್ಟೆ ಈಜಿನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್, ದಕ್ಷಿಣ ಆಫ್ರಿಕಾದ ಚಾಡ್ ಲ ಕ್ಲೋ, ಹಂಗೇರಿಯ ಲಾಸ್ಲೋ ಚೆಹ್ ಮೂವರೂ ೫೧.೧೪ ಸೆಕೆಂಡಿನಲ್ಲಿ ಬಂದು ಮೂವರೂ ಬೆಳ್ಳಿ ಪಡೆದರು. ಕಂಚು ಪಡೆಯಲು ಯಾರೂ ಉಳಿಯಲಿಲ್ಲ.

ಇವೆರಡರ ನಡುವೆ, ೨೦೦೦ದಲ್ಲಿ, ಸಿಡ್ನಿಯಲ್ಲಿ ೫೦ ಮೀಟರ್ ಸ್ವಚ್ಛಂದ ಈಜಿನ ಚಿನ್ನವನ್ನು ಅಮೆರಿಕದ ಇಬ್ಬರು ೨೧.೯೮ ಸೆಕೆಂಡಿನಲ್ಲಿ ಸಮನಾಗಿ ಮುಗಿಸಿ ಹಂಚಿಕೊಂಡರು. ಒಬ್ಬ ಆಂಥೊನಿ ಅರ್ವಿನ್. ಇನ್ನೊಬ್ಬನ ಹೆಸರು ಗ್ಯಾರಿ ಹಾಲ್; ಮ್ಯೂನಿಕ್ಕಿನ ಪಂದ್ಯದಲ್ಲಿ ಅರ್ಧ ದೂರದವರೆಗೆ ಎಲ್ಲರಿಗಿಂತ ಮುಂದಿದ್ದು ಐದನೆಯವನಾಗಿ ಮುಗಿಸಿದ ಹಾಲ್‌ನ ಮಗ.